ಎದುರು ಮನೆಗೆ ನಾನು ಕೊಟ್ಟ ಒಪ್ಪಿಗೆ

ಎದುರು ಮನೆಯವನು ಒಂದೇ ದಿನದಲ್ಲಿ ಗಂಟುಮೂಟೆ ಕಟ್ಟಿಕೊಂಡು ಹೋಗಬೇಕಾಗಿ ಬಂದದ್ದು ನನ್ನ ಬಾಯಿಂದ. ಅವನು ಆ ಮನೆಗೆ ಬಂದದ್ದೂ ನನ್ನ ಬಾಯಿಂದಲೇ. ಬರುವಾಗ ಒಂದು ಸುಳ್ಳು ಹೇಳಿದ್ದೆ, ಹೋಗುವಾಗ ನಿಜ ಹೇಳಿದೆ. ಅವನೇನು ದೇವರಂಥ ಮನುಷ್ಯ ಅಲ್ಲ. ಅವನ ಪರ ವಕಾಲತ್ತು ಮಾಡಲು ಇದನ್ನು ಬರೆಯುತ್ತಿಲ್ಲ. ನಾನು ಎಂಥ ಬುದ್ಧಿವಂತೆ ಎನ್ನುವುದು ನಾಲ್ಕು ಜನಕ್ಕೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ನಾವಿರುವುದು ಪರದೇಶದಲ್ಲಿ, ಹಾರ್ನ್‌ಬಿ ಎನ್ನುವ ಬಡಾವಣೆಯಲ್ಲಿ. ಅಳಿಯನಿಗೆ ಗೋಡೌನಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಕೆಲಸ. ಮಗಳು ವಯಸ್ಸಾದವರ ಆಶ್ರಮದಲ್ಲಿ ನರ್ಸು. ರಾತ್ರಿ ಪಾಳಿ ಮಾಡಿ ಬಂದು ಹಗಲು ಮಲಗುತ್ತಾಳೆ. ಒಬ್ಬಳು ಮೊಮ್ಮಗಳು, ಏಳು ವರ್ಷ. ನಾನು ಮಾತು ಮಾತಿಗೂ ಕನ್ನಡದಲ್ಲಿ ಬೈಯುತ್ತೇನೆ, ಅವಳು ಇಂಗ್ಲಿಷಿನಲ್ಲಿ ಎದುರು ಹೇಳುತ್ತಾಳೆ. ಇಬ್ಬರಿಗೂ ಪೂರ್ತಿ ಅರ್ಥವಾಗುತ್ತದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಇಂಗ್ಲಿಷಿನಲ್ಲಿ ಮೂವತ್ತು ಮಾತು ಬರುತ್ತವೆ, ಅದರಲ್ಲಿ ಹತ್ತು ತರಕಾರಿ.

ಸ್ಕೂಲು ಬಿಟ್ಟ ಮೇಲೆ ಮೊಮ್ಮಗಳ ಜೊತೆ ಇನ್ನೂ ನಾಲ್ಕು ಮಕ್ಕಳು ನಮ್ಮ ಮನೆಗೆ ಬರುತ್ತಿದ್ದವು. ಎರಡು ಮಕ್ಕಳು ಮೈಸೂರಿನವರದು. ಗಂಡ ಹೆಂಡತಿ ಇಬ್ಬರೂ ಕಂಪ್ಯೂಟರ್ ಕೆಲಸದವರು. ಇನ್ನೆರಡು ದಾವಣಗೆರೆಯ ಸಾಬರ ಮನೆಯವು. ಮೂಲೆಯಲ್ಲಿರುವ ಡೈರಿ ಅವರದು. ಇಲ್ಲಿ ಡೈರಿ ಎಂದರೆ ಹಾಲಿನ ಡೈರಿ ಅಲ್ಲ, ಹಾಲು, ಬ್ರೆಡ್ಡು, ಸಿಗರೇಟು, ಎಲ್ಲ ಮಾರುವ ಬೀದಿ ಅಂಗಡಿ. ಅಪ್ಪ ಅಮ್ಮಂದಿರು ಬರುವುದು ಐದೂವರೆಗೆ. ಅಲ್ಲಿಯ ತನಕ ಈ ಐದು ಮಕ್ಕಳಿಗೆ ನಾನು ಅವಲಕ್ಕಿಯೋ ಉಪ್ಪಿಟ್ಟೋ ಹಾಕಿ, ಜಗಳ ಬಿಡಿಸಿ, ಬೇಕಾದಾಗ ಒಂದೊಂದು ಗದರಿಸಿ ಇಟ್ಟುಕೊಳ್ಳುತ್ತಿದ್ದೆ. ಬೀದಿಯಲ್ಲಿ ನನ್ನನ್ನು ಕೇಳುವವರು ಇಲ್ಲ ಎಂದು ತಿಳಿದಿದ್ದೆ.

ಒಂದು ದಿನ ಮೈಸೂರಿನ ಆ ಹುಡುಗಿ ತನ್ನ ಎರಡು ಮಕ್ಕಳನ್ನು ಕರೆದುಕೊಂಡು ಹೋಗಲು ಬಂದವಳು ಬಾಗಿಲಲ್ಲಿ ನಿಂತು, ಲೈಸೆನ್ಸ್ ಇಲ್ಲದೆ ಇಷ್ಟು ಮಕ್ಕಳನ್ನು ನೋಡಿಕೊಂಡರೆ ಸರ್ಕಾರದವರು ಮನೆಗೆ ಬಂದು ವಿಚಾರಣೆ ಮಾಡುತ್ತಾರಂತೆ ಎಂದಳು. ಅವಳಿಗೆ ಯಾರೋ ವಾಟ್ಸಾಪಿನಲ್ಲಿ ಕಳಿಸಿದ್ದರು. ನಿಜವೋ ಸುಳ್ಳೋ ಅವಳಿಗೂ ಗೊತ್ತಿಲ್ಲ. ಹೇಳಿ, ನಗುತ್ತ, ಮಕ್ಕಳಿಗೆ ಜಾಕೆಟ್ ತೊಡಿಸಿಕೊಂಡು ಹೋದಳು. ನನಗೆ ಅವತ್ತು ಅನ್ನ ಸೇರಲಿಲ್ಲ. ಮಗಳಿಗೆ ಹೇಳಿದರೆ ಎಲ್ಲ ನಿಲ್ಲಿಸಿಬಿಡುತ್ತಾಳೆ. ನಿಲ್ಲಿಸಿದರೆ ನಾನು ಮೂರು ಗಂಟೆಯಿಂದ ಯಾರನ್ನು ಗದರಿಸಲಿ?

ಹತ್ತು ಹದಿನೈದು ದಿನ ಆಗಿರಬೇಕು. ಬೆಳಿಗ್ಗೆ ಹತ್ತು ಗಂಟೆ. ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಎತ್ತರದ ಹೆಂಗಸು, ಕತ್ತಿನಲ್ಲಿ ಫೋಟೋ ಇರುವ ಬಿಲ್ಲೆ, ಕಂಕುಳಲ್ಲಿ ಫೈಲು.

ಫೈಲಿನ ವಿಷಯದಲ್ಲಿ ನನಗೆ ನಮ್ಮವ್ವ ಕೊಟ್ಟ ಶಿಕ್ಷಣ ಇದೆ. ನಾಲ್ಕನೇ ಕ್ಲಾಸಿಗಿಂತ ಅದು ಗಟ್ಟಿ. ನಾನು ಚಿಕ್ಕವಳಾಗಿದ್ದಾಗ ಮಂಡ್ಯದ ಕಡೆ ನಮ್ಮೂರಿಗೆ ಫ್ಯಾಮಿಲಿ ಪ್ಲಾನಿಂಗಿನವರು ಜೀಪಿನಲ್ಲಿ ಬರುತ್ತಿದ್ದರು. ನಾವು ಆರು ಜನ ಮಕ್ಕಳು. ಜೀಪಿನ ಸದ್ದು ಕೇಳಿದ ತಕ್ಷಣ ಅವ್ವ ನಾಲ್ಕು ಜನರನ್ನು ರಾಗಿ ತುಂಬಿಡುವ ಮಣ್ಣಿನ ವಾಡೆಯ ಹಿಂದೆ ಕೂರಿಸಿ, ಸಣ್ಣ ಎರಡನ್ನು ಸೊಂಟಕ್ಕೂ ಸೆರಗಿಗೂ ಸಿಕ್ಕಿಸಿಕೊಂಡು ಬಾಗಿಲಿಗೆ ಹೋಗಿ, "ಇಷ್ಟೇಯಾ ಸ್ವಾಮಿ" ಅನ್ನುತ್ತಿದ್ದಳು. ವಾಡೆ ಹಿಂದಿನಿಂದ ನನ್ನ ತಮ್ಮ ಸೀನಿದರೆ ಬೆಕ್ಕು ಅನ್ನುತ್ತಿದ್ದಳು. ಫೈಲು ಹಿಡಿದವರು ಬಂದರೆ ಮೊದಲು ಇಲ್ಲ ಅನ್ನು, ಆಮೇಲೆ ಯಾತಕ್ಕೆ ಬಂದರು ಅಂತ ಕೇಳು. ಇದು ನಮ್ಮ ಮನೆತನದ ಪಾಠ.

ಆ ಹೆಂಗಸು ನಗುನಗುತ್ತ ಏನೇನೋ ಹೇಳಿದಳು. ಎದುರು ಮನೆಯ ಕಡೆ ಕೈ ತೋರಿಸಿದಳು. ನನ್ನ ಕಿವಿಗೆ ಬಿದ್ದದ್ದು ಒಂದೇ ಮಾತು, ಚಿಲ್ಡ್ರನ್. ಈ ಮನೆಯಲ್ಲಿ ಚಿಲ್ಡ್ರನ್ ಇದ್ದಾರಾ ಎಂದು ಕೇಳುತ್ತಿದ್ದಾಳೆ. ಲೈಸೆನ್ಸಿನವರು ಬಂದೇಬಿಟ್ಟರು ಎಂದುಕೊಂಡೆ.

"ನೋ ಚಿಲ್ಡ್ರನ್" ಅಂದೆ. "ಓಲ್ಡ್ ಲೇಡಿ."

ಗ್ರ್ಯಾಂಡ್‌ಚಿಲ್ಡ್ರನ್ ಬಂದು ಹೋಗುತ್ತಾರಾ ಎಂದಳು. ಅದು ನನಗೆ ಚೆನ್ನಾಗಿ ಗೊತ್ತಿರುವ ಮಾತು. ಇಲ್ಲಿನ ಮುದುಕಿಯರು ಬಸ್‌ಸ್ಟಾಪಿನಲ್ಲಿ ಕೇಳುವುದೇ ಅದನ್ನು. ಅದಕ್ಕೂ ನೋ. ಹೇಳುವ ಸುಳ್ಳಿಗೆ ಅಷ್ಟು ಇಷ್ಟು ಅಂತ ಅಳತೆ ಇಲ್ಲವಲ್ಲ, ಮಂದಿ ಮಕ್ಕಳ ಜೊತೆಗೆ ಸ್ವಂತ ಮೊಮ್ಮಗಳನ್ನೂ ಇಲ್ಲ ಎಂದುಬಿಟ್ಟೆ. ಅವಳ ಗುಲಾಬಿ ಬಣ್ಣದ ಗಂಬೂಟು ಬಾಗಿಲ ಪಕ್ಕದಲ್ಲೇ ಬಿದ್ದಿದ್ದವು. ಸೆರಗು ಇಳಿಬಿಟ್ಟುಕೊಂಡು ಅದರ ಮುಂದೆ ನಿಂತೆ. ಆ ಹೆಂಗಸು ಫೈಲಿನಲ್ಲಿ ಒಂದು ಗೆರೆ ಬರೆದಳು, ಥ್ಯಾಂಕ್ಯೂ ಹೇಳಿದಳು, ಫೋನ್ ನಂಬರಿನ ಒಂದು ಚೀಟಿ ಕೊಟ್ಟಳು, ಹೋದಳು. ಚೀಟಿಯನ್ನು ಅಕ್ಕಿ ಡ್ರಮ್ಮಿನ ಒಳಗೆ ಹಾಕಿ ಮೇಲೆ ಅಕ್ಕಿ ಎಳೆದೆ. ಸರ್ಕಾರವನ್ನೇ ವಾಪಸು ಕಳಿಸಿದೆ ಎಂದು ಅವತ್ತು ಎರಡು ಲೋಟ ಕಾಫಿ ಕುಡಿದೆ.

ಅದಾಗಿ ಸ್ವಲ್ಪ ದಿನಕ್ಕೆ ಎದುರು ಮನೆಗೆ ಬಾಡಿಗೆಗೆ ಆತ ಬಂದ. ಆ ಮನೆ ಬಹಳ ದಿನದಿಂದ ಖಾಲಿ ಇತ್ತು. ಅದರ ಒಂದು ಪಕ್ಕಕ್ಕೆ ಗೋಡೌನಿನ ತಗಡಿನ ಗೋಡೆ, ಇನ್ನೊಂದು ಪಕ್ಕಕ್ಕೆ ಕಿವಿ ಕೇಳದ ಮುದುಕ ಮುದುಕಿ, ಮುಂದೆ ನಾವು. ಆತನಿಗೆ ಅರವತ್ತರ ಮೇಲಿರಬಹುದು. ಬಿಳಿಯ, ತೆಳ್ಳಗಿನ ಆಳು, ಒಬ್ಬನೇ. ಬಂದ ವಾರವೇ ಮನೆ ಮುಂದಿನ ಹುಲ್ಲು ಕತ್ತರಿಸಿ, ಬೇಲಿ ಪಕ್ಕದ ಮಣ್ಣು ಅಗೆದು ಹದ ಮಾಡಿದ. ಕೆಲಸ ನೋಡಿದರೆ ಮನುಷ್ಯ ಗೊತ್ತಾಗುತ್ತಾನೆ ಎಂದು ನಾನು ಮಗಳಿಗೆ ಹೇಳಿದೆ. ಮನುಷ್ಯರನ್ನು ತೂಗುವ ತಕ್ಕಡಿ ನನ್ನ ಕಣ್ಣಲ್ಲೇ ಇದೆ ಎಂದು ನಾನು ಮೊದಲಿಂದಲೂ ಹೇಳಿಕೊಂಡು ಬಂದವಳು.

ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ಅಗೆಯುವಾಗ ಪ್ಯಾಂಟು ಮಡಚಿದ್ದ. ಎಡಗಾಲಿಗೆ ಕಪ್ಪು ಪಟ್ಟಿ ಕಟ್ಟಿಕೊಂಡಿದ್ದ, ಅದಕ್ಕೊಂದು ಬಿಲ್ಲೆ. ನಮ್ಮ ಕಡೆ ದೃಷ್ಟಿಯಾಗಬಾರದು ಎಂದು ಕಾಲಿಗೆ ಕರಿದಾರ ಕಟ್ಟುವುದಿಲ್ಲವೇ, ಹಾಗೆ. ತಾಯಿತ ಸ್ವಲ್ಪ ದೊಡ್ಡದಾಯಿತು, ಬಿಳಿಯರದು ಎಲ್ಲವೂ ದೊಡ್ಡದೇ ಇರುತ್ತದೆ ಎಂದುಕೊಂಡೆ. ಇನ್ನೊಂದು ದಿನ ಅವನು ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು, ಆ ತಾಯಿತಕ್ಕೆ ವೈರು ಸಿಕ್ಕಿಸಿ, ಗೋಡೆಯ ಪ್ಲಗ್ಗಿಗೆ ಹಾಕಿಕೊಂಡು ಕೂತಿದ್ದ. ತಾಯಿತಕ್ಕೆ ಕರೆಂಟು ಕೊಡುತ್ತಾರೆ ಎಂದರೆ ಯಾರಿಗಾದರೂ ಅನುಮಾನ ಬರಬೇಕು. ನನಗೆ ಬರಲಿಲ್ಲ. ಮುಂದುವರಿದ ದೇಶ ಎಂದುಕೊಂಡೆ.

ಗಣೇಶನ ಹಬ್ಬ ಬಂತು. ಹೊಸದಾಗಿ ಬಂದವರ ಮನೆಗೆ ಹಬ್ಬದ ದಿನ ಏನಾದರೂ ಕೊಡದೆ ಇರುವುದು ನನ್ನ ಕೈಲಿ ಆಗುವುದಿಲ್ಲ. ಕರಿಗಡುಬು ಮಾಡಿ, ಊರಿಂದ ತಂದಿದ್ದ ಸ್ಟೀಲು ಡಬ್ಬಿಗೆ ಎಂಟು ಹಾಕಿ, ಮೊಮ್ಮಗಳ ಕೈಗೆ ಕೊಟ್ಟು, ಹೋಗಿ ಕೊಟ್ಟು ಬಾ ಎಂದೆ. ನಾನು ಗೇಟಿನ ಹತ್ತಿರ ನಿಂತು ನೋಡುತ್ತಿದ್ದೆ. ಮಗು ಬಾಗಿಲು ತಟ್ಟಿತು. ಆತ ತೆಗೆದ. ಮಗುವನ್ನು ನೋಡಿದ. ಮಾತಿಲ್ಲ ಕತೆಯಿಲ್ಲ, ದಡಾರನೆ ಬಾಗಿಲು ಹಾಕಿಕೊಂಡ. ಆಮೇಲೆ ಕಿಟಕಿಯಿಂದ ನನ್ನ ಕಡೆ ನೋಡಿ, ಕರೆದುಕೋ ಕರೆದುಕೋ ಎನ್ನುವ ಹಾಗೆ ಕೈ ಮಾಡಿದ. ಮಗು ಡಬ್ಬಿಯನ್ನು ಮೆಟ್ಟಿಲ ಮೇಲೆ ಇಟ್ಟು ಮುಖ ಸಣ್ಣ ಮಾಡಿಕೊಂಡು ಬಂತು.

ಹಬ್ಬದ ತಿಂಡಿ ತಂದ ಮಗುವಿನ ಮುಖಕ್ಕೆ ಬಾಗಿಲು ಹಾಕುವವನು ಎಂಥ ಮನುಷ್ಯ? ನಾನು ನಡುಬೀದಿಯಲ್ಲಿ ನಿಂತು ಕನ್ನಡದಲ್ಲಿ ನಾಲ್ಕು ಮಾತು ಆಡಿದೆ. ಅವು ಇಲ್ಲಿ ಬೇಡ. ಗೋಡೌನಿನ ಲಾರಿ ಡ್ರೈವರ್ ಕಿಟಕಿ ಇಳಿಸಿ ಕೇಳಿಸಿಕೊಂಡು ಹೋದ.

ಸಂಜೆ ನೋಡಿದರೆ ಡಬ್ಬಿ ಮೆಟ್ಟಿಲ ಮೇಲೆ ಇಲ್ಲ. ಒಳಗೆ ತೆಗೆದುಕೊಂಡಿದ್ದಾನೆ. ಸರಿ, ಹಸಿದವನು, ತಿನ್ನಲಿ. ಆದರೆ ಕೊಟ್ಟ ಪಾತ್ರೆ ವಾಪಸು ಬರಬೇಕಲ್ಲ. ನಮ್ಮಲ್ಲಿ ಪಾತ್ರೆ ಬರಿದಾಗಿ ಕೂಡ ಬರುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಇರುತ್ತದೆ. ಒಂದು ವಾರ ಕಾದೆ, ಎರಡು ವಾರ ಕಾದೆ. ಆತ ಹೊರಗೆ ಕಾಣಿಸುವುದೇ ಕಡಿಮೆಯಾಯಿತು. ಅದು ಸಾಮಾನ್ಯ ಡಬ್ಬಿ ಅಲ್ಲ. ಮುಚ್ಚಳದ ಮೇಲೆ ನನ್ನ ಗಂಡನ ಹೆಸರಿನ ಮೊದಲ ಎರಡಕ್ಷರ ಮಿಷನ್ನಿನಲ್ಲಿ ಕೊರೆಸಿದ್ದು. ನನ್ನ ಗಂಡನ ಮೇಲೆ ನನಗೆ ಅಂಥ ಪ್ರೀತಿಯೇನೂ ಇರಲಿಲ್ಲ, ಡಬ್ಬಿ ಮೇಲೆ ಇತ್ತು.

ಡೈರಿಗೆ ಹೋದಾಗ ಅವನನ್ನು ಡಬ್ಬಿ ಕಳ್ಳ ಎಂದೆ. ದಾವಣಗೆರೆಯವಳು ಗಲ್ಲಾ ಹಿಂದಿನಿಂದ ನಕ್ಕು, "ಬಿಡ್ರಿ ಅಮ್ಮಾ, ಒಂದ್ ಡಬ್ಬಿ ಹೋದ್ರ ಏನಾತು" ಎಂದಳು. ಮೈಸೂರಿನವಳಿಗೂ ಹೇಳಿದೆ. ಐದು ಮಕ್ಕಳ ಮುಂದೆ ದಿನಾ ಹೇಳಿದೆ. ಮಕ್ಕಳು ಆತನಿಗೆ ಡಬ್ಬಿ ಅಂಕಲ್ ಎಂದು ಹೆಸರಿಟ್ಟವು. ಒಂದು ದಿನ ಮಧ್ಯಾಹ್ನ ನನಗೆ ಒಂದು ಭಾರಿ ಯೋಚನೆ ಹೊಳೆಯಿತು. ನಾನೊಬ್ಬಳೇ ಹೋದರೆ ಬಾಗಿಲು ತೆಗೆಯುವುದಿಲ್ಲ. ಐದು ಮಕ್ಕಳು ಹೋಗಿ ಗೇಟಿನಲ್ಲಿ ಕೂಗಿದರೆ ನಾಚಿಕೆಯಾಗಿ ಕೊಡುತ್ತಾನೆ. ಐದನ್ನೂ ಸಾಲಾಗಿ ನಿಲ್ಲಿಸಿ, ಹೀಗೆ ಹೀಗೆ ಕೂಗಿ ಎಂದು ಹೇಳಿಕೊಟ್ಟು, ರಸ್ತೆ ದಾಟಿಸಿ, ಅವನ ಗೇಟಿಗೆ ಬಿಟ್ಟೆ.

"ಡಬ್ಬಿ ಅಂಕಲ್! ಗಿವ್ ಅಜ್ಜೀಸ್ ಡಬ್ಬಿ ಬ್ಯಾಕ್!"

ಮಕ್ಕಳಿಗೆ ಇಂಥ ಕೆಲಸ ಕೊಟ್ಟರೆ ಊಟವೂ ಬೇಡ. ಹತ್ತು ನಿಮಿಷ ಕೂಗಿದವು. ಆತ ಪರದೆ ಎಳೆದುಕೊಂಡ. ಪರದೆಯ ಸಂದಿಯಲ್ಲಿ ಕಿವಿಗೆ ಫೋನು ಇಟ್ಟುಕೊಂಡು ನಿಂತಿರುವುದು ಕಂಡಿತು. ಕದ್ದವನೇ ಪೊಲೀಸಿಗೆ ಫೋನ್ ಮಾಡುತ್ತಿದ್ದಾನೆ ನೋಡಿ ಎಂದು ಮಕ್ಕಳಿಗೆ ಹೇಳಿ ನಕ್ಕೆ.

ಮರುದಿನ ಬೆಳಿಗ್ಗೆ ಬಾಗಿಲು ಬಡಿಯಿತು. ಅದೇ ಎತ್ತರದ ಹೆಂಗಸು. ಈ ಸಲ ಜೊತೆಗೆ ಇನ್ನೊಬ್ಬ ಗಂಡಸು. ಫೈಲು ಅವನ ಕೈಯಲ್ಲಿತ್ತು. ಅವಳ ಕೈಯಲ್ಲಿ ನನ್ನ ಡಬ್ಬಿ.

ಅವಳು ಗುಲಾಬಿ ಗಂಬೂಟು ನೋಡಿದಳು. ಫ್ರಿಜ್ಜಿನ ಮೇಲೆ ಮಕ್ಕಳು ಬರೆದು ಅಂಟಿಸಿದ್ದ ಚಿತ್ರಗಳನ್ನು ನೋಡಿದಳು. ಕೊನೆಗೆ ನನ್ನನ್ನು ನೋಡಿದಳು. ಮನೆಯಲ್ಲಿ ಇನ್ನು ಯಾರಿದ್ದಾರೆ ಎಂದು ಕೇಳಿದಳು. ಮಲಗಿದ್ದ ಮಗಳನ್ನು ಎಬ್ಬಿಸಿದೆ. ಅವಳು ನೈಟಿ ಮೇಲೆ ಸ್ವೆಟರ್ ಹಾಕಿಕೊಂಡು ಕಣ್ಣುಜ್ಜುತ್ತ ಬಂದು ಅಡಿಗೆಮನೆ ಟೇಬಲ್ಲಿಗೆ ಕೂತಳು. ಅವರು ಮೂವರೂ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು. ನಾನು ಡಬ್ಬಿ ತೆಗೆದುಕೊಂಡು ಮುಚ್ಚಳ ಬಿಚ್ಚಿದೆ. ಚೆನ್ನಾಗಿ ತೊಳೆದಿದ್ದ. ಒಳಗೆ ಏನೂ ಇರಲಿಲ್ಲ. ಬರೀ ಡಬ್ಬಿ ಕಳಿಸಿದ್ದಾನೆ ನೋಡು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಮಗಳ ಮುಖ ಬೆಳ್ಳಗಾಗುತ್ತಿರುವುದನ್ನು ಆಮೇಲೆ ಗಮನಿಸಿದೆ.

"ಅಮ್ಮ, ಇವರು ಮುಂಚೆ ಒಂದ್ಸಲ ಬಂದಿದ್ರಾ?"

"ಯಾರೋ ಬಂದಿದ್ರು."

"ಈ ಮನೇಲಿ ಮಕ್ಕಳಿಲ್ಲ ಅಂದ್ಯಾ?"

"ಅಂದೆ."

"ಯಾಕೆ?"

"ಫೈಲು ಹಿಡ್ಕಂಡಿದ್ರು."

ಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಿದಳೋ ತಿಳಿಯದು. ಆ ಹೆಂಗಸು ಪೆನ್ನು ಕೆಳಗೆ ಇಟ್ಟು ಎರಡೂ ಕೈಯಲ್ಲಿ ಮುಖ ಒರೆಸಿಕೊಂಡಳು.

ಆಮೇಲೆ ಮಗಳು ನನಗೆ ಬಿಡಿಸಿ ಹೇಳಿದಳು. ಎದುರು ಮನೆಯವನು ಬಹಳ ವರ್ಷದ ಹಿಂದೆ ಒಂದು ಮಗುವಿಗೆ ಮಾಡಬಾರದ್ದು ಮಾಡಿ ಜೈಲಿಗೆ ಹೋಗಿದ್ದವನು. ಶಿಕ್ಷೆ ಮುಗಿಸಿ ಹೊರಗೆ ಬಂದರೂ ಅವನ ಹೆಸರು ಪೊಲೀಸರ ಪಟ್ಟಿಯಲ್ಲಿದೆ. ಎಲ್ಲಿ ಇರಬೇಕು ಎಂದು ಅವರು ಹೇಳಿದ ಕಡೆಯೇ ಇರಬೇಕು. ಮಕ್ಕಳ ಜೊತೆ ಮಾತಾಡಕೂಡದು, ಮಕ್ಕಳು ಸೇರುವ ಕಡೆ ಹೋಗಕೂಡದು. ಕಾಲಿನಲ್ಲಿರುವುದು ಅವನು ಎಲ್ಲಿದ್ದಾನೆ ಎಂದು ತೋರಿಸುವ ಯಂತ್ರ. ತಾಯಿತ ಅಲ್ಲ.

ಇವರು ಜೈಲಿನಿಂದ ಬಿಟ್ಟವರ ಮೇಲೆ ಕಣ್ಣಿಡುವ ಇಲಾಖೆಯವರು. ಅವನಿಗೆ ಒಂದು ಮನೆ ಹುಡುಕಲು ಊರೆಲ್ಲ ಸುತ್ತಿದ್ದರಂತೆ. ಒಂದು ಮನೆ ಸ್ಕೂಲಿಗೆ ಹತ್ತಿರ, ಒಂದು ಪಾರ್ಕಿಗೆ ಹತ್ತಿರ, ಒಂದರ ಪಕ್ಕದಲ್ಲಿ ಕೂಸುಗಳನ್ನು ಬಿಡುವ ಜಾಗ, ಒಂದರ ಮುಂದೆ ಸ್ಕೂಲ್ ಬಸ್ಸು ನಿಲ್ಲುತ್ತದೆ. ಇದೊಂದು ಮನೆ ಸಿಕ್ಕಿತು. ಒಂದು ಕಡೆ ತಗಡಿನ ಗೋಡೆ, ಒಂದು ಕಡೆ ಮುದುಕರು. ಮುಂದಿನ ಮನೆಯಲ್ಲಿ ಮಕ್ಕಳಿಲ್ಲ ಎಂದು ಆ ಮನೆಯ ಮುದುಕಿ ತಾನೇ ಹೇಳಿದ್ದಾಳೆ. ಫೈಲಿನಲ್ಲಿ ಹಾಗೆ ಬರೆದಿದೆ. ನಾನು ಹೆಬ್ಬೆಟ್ಟು ಒತ್ತದಿದ್ದರೂ ಒತ್ತಿದ ಹಾಗೇ ಆಗಿತ್ತು.

ಇನ್ನೊಂದು ವಿಷಯ ಹೇಳಿದಾಗ ನನಗೆ ತಲೆ ಎತ್ತಲಾಗಲಿಲ್ಲ. ಹಬ್ಬದ ದಿನ ಮಗು ಬಾಗಿಲಿಗೆ ಬಂತು ಎಂದು ಅವನೇ ಆ ಹೆಂಗಸಿಗೆ ಫೋನ್ ಮಾಡಿ ಹೇಳಿದ್ದನಂತೆ. ಯಾರೋ ನೆಂಟರ ಮಗು ಇರಬೇಕು ಎಂದು ಅವಳು ಸುಮ್ಮನಾಗಿದ್ದಳು. ಡಬ್ಬಿ ಹೇಗೆ ಕೊಡಲಿ, ಆ ಮನೆ ಬಾಗಿಲಿಗೆ ನಾನು ಹೋಗಬಹುದೋ ಹೋಗಬಾರದೋ ಎಂದೂ ಕೇಳಿದ್ದನಂತೆ. ಸದ್ಯಕ್ಕೆ ಇಟ್ಟುಕೊಂಡಿರು ಎಂದಿದ್ದಳು. ನಿನ್ನೆ ಐದು ಮಕ್ಕಳು ಗೇಟಿನಲ್ಲಿ ನಿಂತು ಕೂಗುವಾಗ ಅವನು ಫೋನ್ ಮಾಡಿದ್ದೂ ಅವಳಿಗೇ. ಮಕ್ಕಳನ್ನು ಅವನ ಹತ್ತಿರ ಬಿಡಬಾರದು ಎನ್ನುವ ಕಾನೂನನ್ನು ಈ ಬೀದಿಯಲ್ಲಿ ಪಾಲಿಸಿದವನು ಅವನೊಬ್ಬನೇ. ಮುರಿಯಲು ದಂಡು ಕಟ್ಟಿ ಕಳಿಸಿದವಳು ನಾನು.

ಇದರಿಂದ ನನಗೆ ಅವನ ಮೇಲೆ ಕರುಣೆ ಉಕ್ಕಿ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ಹೆದರಿಕೆ. ಏಳು ವರ್ಷದ ಕೂಸಿನ ಕೈಗೆ ಡಬ್ಬಿ ಕೊಟ್ಟು ಗುರುತಿಲ್ಲದವನ ಬಾಗಿಲಿಗೆ ಅಟ್ಟಿದ್ದೆನಲ್ಲ. ಅವನು ಬಾಗಿಲು ಹಾಕಿಕೊಂಡ, ಸರಿ. ಹಾಕಿಕೊಳ್ಳದವನಾಗಿದ್ದರೆ?

ನನಗೆ ಇಂಥವು ಗೊತ್ತಿಲ್ಲದ ವಿಷಯವೂ ಅಲ್ಲ. ನಮ್ಮೂರಿನಲ್ಲಿ ಅಪ್ಪನ ಕಡೆಯ ಒಬ್ಬ ಮಾವ ಇದ್ದ. ಅವನ ಪಕ್ಕ ಕೂರಬೇಡ, ಅವನ ಜೊತೆ ಹೊಲಕ್ಕೆ ಹೋಗಬೇಡ ಎಂದು ಅವ್ವ, ದೊಡ್ಡವ್ವ, ಅತ್ತೆ ಎಲ್ಲರೂ ಹುಡುಗಿಯರ ಕಿವಿಯಲ್ಲಿ ಹೇಳುತ್ತಿದ್ದರು. ಯಾಕೆ ಎಂದು ಕೇಳಿದರೆ ತಲೆಗೆ ಮೊಟಕುತ್ತಿದ್ದರು. ಆ ಮಾವನಿಗೆ ಮದುವೆ ಮನೆಯಲ್ಲಿ ಮೊದಲ ಪಂಕ್ತಿಯಲ್ಲಿ ಎಲೆ, ಹಬ್ಬದಲ್ಲಿ ಹೊಸ ಪಂಚೆ. ಸತ್ತಾಗ ನಾವೆಲ್ಲ ಅತ್ತೆವು. ನಮ್ಮಲ್ಲಿ ಪಟ್ಟಿ ಇದ್ದದ್ದು ಹೆಂಗಸರ ಬಾಯಲ್ಲಿ, ಅದೂ ಪಿಸುಮಾತಿನಲ್ಲಿ. ಎಲ್ಲಿ ಇರಬೇಕು, ಎಲ್ಲಿ ಹೋಗಬಾರದು ಎಂಬ ಕಟ್ಟಳೆ ಇದ್ದದ್ದು ನಮಗೆ, ಅವನಿಗಲ್ಲ. ಇಲ್ಲಿ ಅವನಿಗೆ ಇದೆ. ಇದನ್ನು ನಾನು ಆ ಹೆಂಗಸಿಗೆ ಹೇಳಲಿಲ್ಲ. ಮೂವತ್ತು ಮಾತಿನಲ್ಲಿ ಹೇಳುವುದು ಹೇಗೆ, ಅದರಲ್ಲಿ ಹತ್ತು ತರಕಾರಿ.

ಈಗ ಏನು ಮಾಡುತ್ತಾರೆ ಎಂದು ಕೇಳಿದೆ. ಇವತ್ತೇ ಹೋಗಬೇಕು, ಸ್ಕೂಲು ಬಿಡುವುದರೊಳಗೆ ಎಂದಳು ಮಗಳು. ಜೈಲಿನ ಕಾಂಪೌಂಡಿನಲ್ಲೇ ಇಂಥವರಿಗೆ ಒಂದು ಸಾಲುಮನೆ ಇದೆಯಂತೆ. ಬಿಡುಗಡೆಯಾದವನೇ, ಆದರೆ ಬೇಲಿ ಒಳಗೆ. ಮೊದಲು ಅಲ್ಲಿಯೇ ಇದ್ದದ್ದು. ಈ ಮನೆ ಸಿಕ್ಕಿತೆಂದು ಹೊರಗೆ ಬಂದ. ಈಗ ಇನ್ನೊಂದು ವಿಳಾಸ ಸಿಗುವ ತನಕ ಮತ್ತೆ ಅಲ್ಲಿಗೇ.

"ನಾನು ಮೊದ್ಲೇ ಮಕ್ಳು ಅವ್ರೆ ಅಂದಿದ್ರೆ?"

"ಅವನು ಇಲ್ಲಿಗೆ ಬರ್ತಾನೇ ಇರಲಿಲ್ಲ. ಬೇರೆ ಮನೆ ಹುಡುಕ್ತಿದ್ರು."

"ಆ ನಾಕು ಮಕ್ಕಳನ್ನ ಬರಬ್ಯಾಡಿ ಅಂದ್ರೆ?"

"ನಿನ್ನ ಮೊಮ್ಮಗಳನ್ನ ಏನ್ಮಾಡ್ತೀಯ?" ಎಂದಳು ಮಗಳು. "ಅಕ್ಕಿ ಡ್ರಮ್ ಹಿಂದೆ ಕೂರಿಸ್ತೀಯಾ?"

ವಾಡೆಯ ಕತೆಯನ್ನು ಅವಳಿಗೆ ನಾನೇ ನಗುತ್ತ ಹೇಳಿದ್ದೆ. ಮಕ್ಕಳಿಗೆ ಏನನ್ನೂ ಹೇಳಬಾರದು.

ಯಾಕೆ ಹಾಗೆ ಕೇಳಿದೆನೋ ನನಗೇ ತಿಳಿಯದು. ಅವನು ಇರಲಿ ಎಂದಲ್ಲ. ಅವನು ಒಂದು ಗಳಿಗೆ ಕೂಡ ಎದುರಿಗೆ ಇರುವುದು ಬೇಡವಾಗಿತ್ತು. ಆದರೆ ನನ್ನ ಮಾತು ನಂಬಿ ಯಾರೋ ಒಬ್ಬರು ಒಂದು ಕೆಲಸ ಮಾಡಿದ್ದರು. ಈ ದೇಶಕ್ಕೆ ಬಂದು ಇಷ್ಟು ವರ್ಷವಾದರೂ ನನ್ನ ಮಾತನ್ನು ಬರೆದುಕೊಂಡವರು ಅವಳೊಬ್ಬಳೇ. ಅದೂ ಸುಳ್ಳಾಗಿತ್ತು.

ಆ ಗಂಡಸು ಫೈಲು ಬಿಚ್ಚಿ ಮತ್ತೆ ಮೊದಲಿಂದ ಕೇಳಿದ. ಮನೆಯಲ್ಲಿ ಮಕ್ಕಳಿದ್ದಾರಾ? "ಯೆಸ್" ಅಂದೆ. ಬೇರೆ ಮಕ್ಕಳು ಬರುತ್ತಾರಾ? ನಾಲ್ಕು ಬೆರಳು ತೋರಿಸಿದೆ. ಲೈಸೆನ್ಸ್ ವಿಚಾರ ನಾನೇ ಎತ್ತಿದೆ. ಎಲ್ಲ ಒಂದೇ ಸಲ ಮುಗಿದುಹೋಗಲಿ ಎಂದು. ಮಗಳು ಕೇಳಿದಳು. ಆ ಹೆಂಗಸು ಅದು ತಮ್ಮ ಇಲಾಖೆಯ ಕೆಲಸವೇ ಅಲ್ಲ, ತನಗೆ ಅದರ ಗಂಧಗಾಳಿ ಇಲ್ಲ ಎಂದಳಂತೆ. ಯಾತಕ್ಕೆ ಹೆದರಿ ಇಷ್ಟೆಲ್ಲ ಮಾಡಿದೆನೋ ಅದನ್ನು ಕೇಳಲು ಯಾರೂ ಬಂದೇ ಇರಲಿಲ್ಲ.

ಮಕ್ಕಳ ತಂದೆ ತಾಯಂದಿರಿಗೆ ಹೇಳಬಹುದೇ ಎಂದು ಮಗಳು ಕೇಳಿದಳು. ನಡೆದದ್ದು ಅವರಿಗೆ ಹೇಳಿ, ಆದರೆ ಫೇಸ್‌ಬುಕ್ಕು ವಾಟ್ಸಾಪು ಯಾವುದಕ್ಕೂ ಹಾಕಕೂಡದು, ಹೆಸರು ಫೋಟೋ ಯಾವುದೂ ಹೊರಗೆ ಹೋಗಕೂಡದು, ಈ ಪಟ್ಟಿ ಊರಿಗೆಲ್ಲ ತೋರಿಸುವ ಪಟ್ಟಿ ಅಲ್ಲ ಎಂದು ಆ ಹೆಂಗಸು ಎರಡು ಸಲ ಹೇಳಿದಳು. ಎರಡನೇ ಸಲ ನನ್ನ ಮುಖ ನೋಡಿಕೊಂಡು ಹೇಳಿದಳು.

ಎರಡು ಗಂಟೆಗೆ ಬಿಳಿ ವ್ಯಾನು ಬಂತು. ಅವನ ಸಾಮಾನು ಎರಡು ಬ್ಯಾಗು, ಒಂದು ಕೆಟಲ್, ಒಂದು ಗುದ್ದಲಿ. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಆಮೇಲೆ ಕಾಲು ತಡೆಯಲಿಲ್ಲ, ರಸ್ತೆ ದಾಟಿದೆ. "ಅಮ್ಮ, ಬೇಡ, ಬಾ ಒಳಗೆ" ಎಂದು ಮಗಳು ಸ್ಲಿಪ್ಪರಿನಲ್ಲೇ ಹಿಂದೆ ಓಡಿ ಬಂದಳು. ಆ ಅಧಿಕಾರಿ ಹೆಂಗಸು ತಡೆಯಲಿಲ್ಲ, ನಮ್ಮಿಬ್ಬರ ನಡುವೆ ಬಂದು ನಿಂತಳು.

ನಾನು ಏನು ಹೇಳಬೇಕು ಎಂದು ಮೊದಲೇ ಕೂಡಿಸಿಟ್ಟುಕೊಂಡಿದ್ದೆ. "ಐ ಸೇ ನೋ. ಮೈ ಮಿಸ್ಟೇಕ್" ಅಂದೆ. ಸಾರಿ ಎನ್ನುವ ಮಾತು ನನ್ನ ಮೂವತ್ತರಲ್ಲಿ ಇತ್ತು. ಅದನ್ನು ಅವನಿಗೆ ಕೊಡಲು ಮನಸ್ಸಾಗಲಿಲ್ಲ. ಅವನು ಮಾಡಿದ್ದಕ್ಕೆ ಅವನು ಯಾರಿಗೆ ಹೇಳಬೇಕೋ ಅವರಿಗೆ ಹೇಳಲಿ, ಆಮೇಲೆ ನೋಡೋಣ ಎನ್ನಿಸಿತು.

ಅವನು ಕೆಟಲ್ ಹಿಡಿದುಕೊಂಡೇ ನಿಂತ. ನನ್ನ ಮುಖ ನೋಡಲಿಲ್ಲ, ಹೆಗಲ ಮೇಲಿಂದ ನಮ್ಮ ಮನೆಯ ಕಡೆ ನೋಡುತ್ತ ಏನೋ ಹೇಳಿದ. ಮೆಲ್ಲಗಿನ ಮಾತು, ನನಗೆ ಹಿಡಿತಕ್ಕೆ ಸಿಗಲಿಲ್ಲ. ಮಗಳ ಕಡೆ ತಿರುಗಿದೆ.

"ಮುಂದಿನ ಸಲ ಯಾರಾದ್ರೂ ಕೇಳಿದ್ರೆ ನಿಜ ಹೇಳಿ ಅಂತಿದ್ದಾನೆ" ಎಂದಳು ಮಗಳು. ಆಮೇಲೆ, "ಗುರುತಿಲ್ಲದ ಮನೆಗೆ ಮಕ್ಕಳನ್ನ ಕಳಿಸಬೇಡಿ ಅಂತಾನೂ ಅಂತಿದ್ದಾನೆ."

ನನ್ನ ಜೀವಮಾನದಲ್ಲಿ ಯಾರ ಬುದ್ಧಿಮಾತಿಗೂ ಎದುರುತ್ತರ ಕೊಡದೆ ಬಿಟ್ಟವಳಲ್ಲ ನಾನು. ಅತ್ತೆಗೆ ಕೊಟ್ಟಿದ್ದೇನೆ, ಮೇಷ್ಟರಿಗೆ ಕೊಟ್ಟಿದ್ದೇನೆ. ಇಂಥವನಿಂದ ಇಂಥ ಮಾತು ಕೇಳಿಸಿಕೊಳ್ಳಬೇಕಾಯಿತಲ್ಲ ಎಂದು ಮೈ ಉರಿಯಿತು. ಅವನು ಹೇಳಿದ್ದರಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. "ಓಕೆ" ಅಂದೆ. ಮಗಳು ನನ್ನ ತೋಳು ಹಿಡಿದು ಎಳೆದುಕೊಂಡು ಬಂದಳು. ವ್ಯಾನು ಮೂಲೆ ತಿರುಗಿದಾಗ ಎರಡೂವರೆ.

ಮೂರೂಕಾಲಿಗೆ ಐದೂ ಮಕ್ಕಳು ಬಂದವು. ಡಬ್ಬಿ ಅಂಕಲ್ ಎಲ್ಲಿ ಎಂದು ಕೇಳಿದವು. ಹೋದ ಎಂದೆ. ಡಬ್ಬಿ ಸಿಕ್ಕಿತಾ ಎಂದವು. ಸಿಕ್ಕಿತು ಎಂದೆ. ನಾವು ಗೆದ್ದೆವು ಎಂದು ಮನೆ ತುಂಬ ಕುಣಿದವು. ಗದರಿಸದೆ ಅವಲಕ್ಕಿ ಕಲಸಲು ಹೋದೆ.

ಐದೂವರೆಗೆ ತಂದೆ ತಾಯಂದಿರು ಬಂದಾಗ ನಾನೇ ಹೇಳುತ್ತೇನೆ ಎಂದು ಮಗಳನ್ನು ಒಳಗೆ ಕಳಿಸಿದೆ. ಮೊದಲು ಬಂದವಳು ಮೈಸೂರಿನವಳು. ಮಕ್ಕಳನ್ನು ಕಾರಿನಲ್ಲಿ ಕೂರಿಸಿ ಬರಲು ಹೇಳಿ, ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಫೈಲು, ಸುಳ್ಳು, ಡಬ್ಬಿ, ದಂಡು ಕಳಿಸಿದ್ದು, ಒಂದೂ ಬಿಡಲಿಲ್ಲ. ಅವಳು ಅಳಲು ಶುರು ಮಾಡಿದಳು. ತಾನು ಲೈಸೆನ್ಸ್ ಅಂತ ಹೇಳಿ ಹೆದರಿಸಿದ್ದಕ್ಕೇ ಹೀಗಾಯಿತು ಎಂದಳು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು:

"ಆಂಟಿ, ನಮ್ಮ ಮಕ್ಕಳನ್ನ ಇಲ್ಲಿ ಇಟ್ಕೊಳ್ಳೋಕೆ ಬಿಡಲ್ಲ ಅಂತ ತಾನೆ ನೀವು ಸುಳ್ಳು ಹೇಳಿದ್ದು? ನಮಗೋಸ್ಕರ ಅಲ್ವಾ?"

ಹೌದು ಎಂದಿದ್ದರೆ ಅವಳಿಗೂ ಸಮಾಧಾನ, ನನಗೂ ಒಂದಿಷ್ಟು ಮರ್ಯಾದೆ ಉಳಿಯುತ್ತಿತ್ತು.

"ನಿಮಗೋಸ್ಕರ ಏನಲ್ಲ ಕಣವ್ವ" ಅಂದೆ. "ನನ್ ಕುತ್ತಿಗೆ ಉಳಿಸ್ಕಳಕ್ಕೆ ಅಂದೆ."

ಮರುದಿನದಿಂದ ಅವಳ ಮಕ್ಕಳು ಬರಲಿಲ್ಲ. ಸ್ಕೂಲಿನಲ್ಲೇ ಸಂಜೆ ತನಕ ಇಟ್ಟುಕೊಳ್ಳುವ ಏರ್ಪಾಡು ಇದೆಯಂತೆ, ಅಲ್ಲಿಗೆ ಸೇರಿಸಿದಳು. ಸರಿಯಾಗಿಯೇ ಮಾಡಿದಳು. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ, ಜೊತೆಗೆ ನಾಲ್ಕು ಮಾತು ಬೈದು ಹೋಗುತ್ತಿದ್ದೆ. ಅವಳು ಬೈಯಲಿಲ್ಲ. ದಾವಣಗೆರೆಯವಳು ಎಲ್ಲ ಕೇಳಿಸಿಕೊಂಡು, ಗಂಡನ ಹತ್ತಿರ ಮಾತಾಡಿ, ಎರಡು ದಿನ ಬಿಟ್ಟು ಮಕ್ಕಳನ್ನು ಕಳಿಸಿದಳು. ಒಂದು ಷರತ್ತು ಹಾಕಿದಳು: "ಅಮ್ಮಾ, ಇನ್ಮ್ಯಾಗ ಮಕ್ಕಳು ಗೇಟ್ ದಾಟಿದ್ರ ನೀವು ಸಂಗಾಟ ಇರಬೇಕು ನೋಡ್ರಿ." ಅಂದಿನಿಂದ ನಾನೇ ಸ್ಕೂಲಿನ ಗೇಟಿಗೆ ಹೋಗಿ ನಿಲ್ಲುತ್ತೇನೆ. ಮಂಡಿ ನೋವು. ಆದರೂ ನಿಲ್ಲುತ್ತೇನೆ. ಮೂರು ಮಕ್ಕಳ ಹಿಂದೆ ನಡೆದುಕೊಂಡು ಬರುತ್ತೇನೆ.

ಅಳಿಯ ಫೋನಿನಲ್ಲಿ ಓದಿ ಹೇಳಿದ. ಅಮೆರಿಕದಲ್ಲಿ ಕೆಲವು ಊರುಗಳಲ್ಲಿ ಸ್ಕೂಲಿನಿಂದ ಇಷ್ಟು ಅಡಿ, ಪಾರ್ಕಿನಿಂದ ಇಷ್ಟು ಅಡಿ ಎಂದು ಊರಿನವರೇ ಟೇಪು ಹಿಡಿದು ಅಳೆದು ಕಾನೂನು ಮಾಡಿಕೊಂಡಿದ್ದಾರಂತೆ. ಅಳೆದು ಅಳೆದು ಕೊನೆಗೆ ಅಂಥವರಿಗೆ ಊರಿನಲ್ಲಿ ಜಾಗವೇ ಉಳಿಯುವುದಿಲ್ಲವಂತೆ. ಇಲ್ಲಿ ಅಳತೆ ಇಲ್ಲ, ಒಬ್ಬೊಬ್ಬನಿಗೂ ಒಂದೊಂದು ಷರತ್ತಿನ ಕಾಗದ, ಅದನ್ನು ಹಿಡಿದುಕೊಂಡು ಬಾಗಿಲು ಬಡಿದು ಕೇಳುತ್ತಾರೆ. ಯಾವುದು ಒಳ್ಳೆಯದು ಎಂದು ಅವನು ನನ್ನನ್ನು ಕೇಳಿದ. ಟೇಪು ಸುಳ್ಳು ಹೇಳುವುದಿಲ್ಲ ಎಂದೆ. ಊಟಕ್ಕೆ ಕೂತಿದ್ದವನು ನಕ್ಕು ಕೆಮ್ಮಿದ.

ಎದುರು ಮನೆ ಈಗಲೂ ಖಾಲಿ. ಅವನು ಅಗೆದಿದ್ದ ಕಡೆ ಹುಲ್ಲು ಬಂದಿದೆ. ಅವನಿಗೆ ಬೇರೆ ಮನೆ ಸಿಕ್ಕಿತೋ, ಇನ್ನೂ ಆ ಬೇಲಿಯೊಳಗೇ ಇದ್ದಾನೋ ತಿಳಿಯಬೇಕು ಎಂದು ನನಗೆ ಆಗಾಗ ಅನ್ನಿಸುತ್ತದೆ. ಹೋದ ತಿಂಗಳು ಅಕ್ಕಿ ಡ್ರಮ್ಮಿನ ತಳದಲ್ಲಿ ಆ ಚೀಟಿ ಸಿಕ್ಕಿತು. ಮಗಳ ಕೈಲಿ ಫೋನ್ ಮಾಡಿಸಿದೆ. ಆ ಹೆಂಗಸು ನನ್ನನ್ನು ಮರೆತಿರಲಿಲ್ಲ. ಅವನು ಎಲ್ಲಿದ್ದಾನೆ ಎನ್ನುವುದನ್ನು ಮಾತ್ರ ಹೇಳುವಂತಿಲ್ಲ ಎಂದಳು. ಸಿಟ್ಟು ಬಂತು, ಆಮೇಲೆ ಸರಿ ಎನ್ನಿಸಿತು. ನನಗೆ ಗೊತ್ತಾಗಿದ್ದರೆ ಸಂಜೆಯೊಳಗೆ ಡೈರಿಯಲ್ಲಿ ಹೇಳಿರುತ್ತಿದ್ದೆ.